ಸೀಟು ಸಿಕ್ಕೀತೇ? ಅಂದಾಜು ಹಾಕುವ ಬಗೆ

(ನಮ್ಮ ಟ್ರಸ್ಟಿನ ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣೆಯ ದಿನ ಹೊಸಪೇಟೆಯಲ್ಲಿ, ಪಿಯು ಕಾಲೇಜಿನ ನಿವೃತ್ತ ಗಣಿತ ಉಪನ್ಯಾಸಕರೂ ವಿದ್ಯಾರ್ಥಿವೇತನ ಸಮಿತಿಯ ಸದಸ್ಯರೂ ಆದ ಹಿರಿಯರು ಮಾಡಿದ ಭಾಷಣದ ಪಠ್ಯ)

ಟ್ರಸ್ಟಿನ ಅಧ್ಯಕ್ಷರೇ, ಕೈಬಿಚ್ಚಿ ಕೊಟ್ಟ ದಾನಿಗಳೇ, ಸಂಡೂರು, ಕಂಪ್ಲಿ, ಕಮಲಾಪುರ, ಹಂಪಿ ಕಡೆಯಿಂದ ಬಸ್ಸು ಹಿಡಿದು ಬಂದಿರುವ ತಾಯಿತಂದೆಯರೇ, ಮಕ್ಕಳೇ.

ಪ್ರತಿ ವರ್ಷ ಪಿಯುಸಿ ಫಲಿತಾಂಶ ಬಂದ ಮಾರನೆಯ ದಿನದಿಂದ ಸಮಿತಿಯವರಿಗೆ ಒಂದೇ ಪ್ರಶ್ನೆ ಬರುತ್ತದೆ: “ಸಾರ್, ನನ್ನ ಮಗಳಿಗೆ ಸೀಟು ಸಿಗುತ್ತದಾ?” ದಾನಿಗಳ ಪ್ರಶ್ನೆ ಅದೇ, ರೂಪ ಬೇರೆ: “ನಾವು ಕೊಟ್ಟ ಹಣ ಸೀಟು ಸಿಗುವ ಮಕ್ಕಳಿಗೆ ಹೋಗುತ್ತಿದೆಯಾ?” ಎರಡಕ್ಕೂ ಇವತ್ತು ಉತ್ತರ ಕೊಡಲು ಪ್ರಯತ್ನ ಮಾಡುತ್ತೇನೆ. ದುವಾ ಮಾಡೋಣ, ಅದು ಬೇರೆ ಮಾತು. ಆದರೆ ಸೀಟಿನ ವಿಷಯದಲ್ಲಿ ಲೆಕ್ಕವೂ ಒಂದಿದೆ. ಆ ಲೆಕ್ಕ ಮನೆಯಲ್ಲಿ ಕೂತು ನೀವೇ ಹಾಕಬಹುದು. ಲೆಕ್ಕ ಹಾಕದೆ ಇದ್ದರೆ ಎರಡು ನಷ್ಟ. ಸಿಗಬಹುದಾಗಿದ್ದ ಸೀಟನ್ನು ಕೇಳದೇ ಬಿಡುತ್ತೇವೆ, ಇಲ್ಲವೇ ಸಿಗದ ಸೀಟಿನ ಹಿಂದೆ ಒಂದು ವರ್ಷ, ಒಂದು ಜೊತೆ ಬಂಗಾರದ ಬಳೆ, ಕೆಲವೊಮ್ಮೆ ಅರ್ಧ ಎಕರೆ ಗದ್ದೆ ಕಳೆದುಕೊಳ್ಳುತ್ತೇವೆ.

ಮೊದಲ ಮಾತು: ಅಂಕ ಬೇರೆ, ರ‍್ಯಾಂಕ್ ಬೇರೆ.

ಸೀಟು ಹಂಚುವುದು ರ‍್ಯಾಂಕ್ ನೋಡಿ. ಅಂಕ ನೋಡಿ ಅಲ್ಲ. 2024ರಲ್ಲಿ ನೀಟ್ ಫಲಿತಾಂಶ ಮೊದಲು ಪ್ರಕಟವಾದಾಗ 67 ಮಂದಿಗೆ 720ಕ್ಕೆ 720 ಬಂದಿತ್ತು. ಪರಿಷ್ಕೃತ ಪಟ್ಟಿಯಲ್ಲಿ ಅದು 17 ಆಯಿತು. ಮರು ವರ್ಷ 2025ರಲ್ಲಿ ಪ್ರಶ್ನೆಪತ್ರಿಕೆ ಕಠಿಣವಾಗಿತ್ತು. ದೇಶಕ್ಕೇ ಮೊದಲು ಬಂದವರ ಅಂಕ 686. “ಹೋದ ವರ್ಷ ಪಕ್ಕದ ಮನೆಯ ಹುಡುಗನಿಗೆ ಇಷ್ಟು ಅಂಕಕ್ಕೆ ಸೀಟು ಸಿಕ್ಕಿತು, ನಮ್ಮವನಿಗೆ ಅದಕ್ಕಿಂತ ಕಡಿಮೆ ಬಂತು” ಎಂದು 2025ರಲ್ಲಿ ಅತ್ತ ಮನೆಗಳಿದ್ದವು. ಅಳುವ ಕಾರಣವಿರಲಿಲ್ಲ. ಅಂಕ ಎಲ್ಲರಿಗೂ ಇಳಿದಿತ್ತು. ಆದ್ದರಿಂದ ಹೋಲಿಸುವುದಾದರೆ ಈ ವರ್ಷದ ರ‍್ಯಾಂಕನ್ನು ಹಿಂದಿನ ವರ್ಷಗಳ ಕೊನೆಯ ರ‍್ಯಾಂಕಿನ ಜೊತೆ ಹೋಲಿಸಿ.

ಎಂಜಿನಿಯರಿಂಗಿಗೆ ಸಿಇಟಿ ರ‍್ಯಾಂಕ್ ಹೇಗೆ ಬರುತ್ತದೆ ಎನ್ನುವುದೂ ಬಹಳ ಜನಕ್ಕೆ ಸ್ಪಷ್ಟವಿಲ್ಲ. ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಕ್ಕೆ ಅರ್ಧ ತೂಕ, ಸಿಇಟಿಯ ಅದೇ ಮೂರು ವಿಷಯಕ್ಕೆ ಇನ್ನರ್ಧ. ಇಬ್ಬರು ಮಕ್ಕಳು ಅಂತ ಇಟ್ಟುಕೊಳ್ಳಿ. ಒಬ್ಬಳಿಗೆ ಪಿಯುಸಿಯಲ್ಲಿ 300ಕ್ಕೆ 270, ಅಂದರೆ ಶೇಕಡಾ 90. ಸಿಇಟಿಯಲ್ಲಿ 180ಕ್ಕೆ 90, ಅಂದರೆ ಶೇಕಡಾ 50. ಎರಡರ ಸರಾಸರಿ 70. ಇನ್ನೊಬ್ಬನಿಗೆ ಪಿಯುಸಿಯಲ್ಲಿ 240, ಶೇಕಡಾ 80. ಸಿಇಟಿಯಲ್ಲಿ 117, ಶೇಕಡಾ 65. ಸರಾಸರಿ 72.5. ಊರಲ್ಲಿ ಮಿಠಾಯಿ ಹಂಚಿದ್ದು ಮೊದಲನೆಯವರ ಮನೆಯಲ್ಲಿ. ರ‍್ಯಾಂಕಿನಲ್ಲಿ ಮುಂದೆ ಇರುವವನು ಎರಡನೆಯವನು. ಮೊದಲನೆಯವಳು ಸಿಇಟಿಯಲ್ಲಿ ಇನ್ನು 15 ಪ್ರಶ್ನೆ ಸರಿ ಮಾಡಿದ್ದರೆ ಸರಾಸರಿ 74 ದಾಟುತ್ತಿತ್ತು. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. ನೀಟ್‌ನಲ್ಲಿ ಹಾಗಲ್ಲ: ಸರಿಗೆ 4, ತಪ್ಪಿಗೆ 1 ಕಡಿತ. ಈ ವ್ಯತ್ಯಾಸ ತಿಳಿಯದ ಮಕ್ಕಳು ಇನ್ನೂ ಇದ್ದಾರೆ.

ಎರಡನೆಯ ಮಾತು: ನಿಮ್ಮ ಮಗುವಿಗೆ ಎಷ್ಟು ಬಾಗಿಲು ಇವೆ ಎಂದು ಎಣಿಸಿ.

ಹೊಸಪೇಟೆ, ಹಂಪಿ ಈಗ ವಿಜಯನಗರ ಜಿಲ್ಲೆ. ಸಂಡೂರು, ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲೇ ಉಳಿದಿವೆ. ಜಿಲ್ಲೆ ಎರಡಾದರೂ ಎರಡೂ ಕಲ್ಯಾಣ ಕರ್ನಾಟಕದೊಳಗೇ ಇವೆ. “ನಾವು ನಿಜಾಮರ ಕಡೆಯವರಲ್ಲವಲ್ಲ, ಮದ್ರಾಸ್ ಪ್ರಾಂತ್ಯದವರು” ಎಂದು ಕೆಲವು ಬುಜುರ್ಗರು ಹೇಳುತ್ತಾರೆ. ಇತಿಹಾಸ ನಿಜ. ಬಳ್ಳಾರಿ 1953ರಲ್ಲಿ ಮೈಸೂರಿಗೆ ಸೇರಿತು, ಸಂಡೂರು ಘೋರ್ಪಡೆಯವರ ಸಂಸ್ಥಾನವಾಗಿತ್ತು. ಆದರೆ ಸಂವಿಧಾನದ 371 ಜೆ ವಿಧಿಯ ಸೌಲಭ್ಯದಲ್ಲಿ ಬಳ್ಳಾರಿ ಜಿಲ್ಲೆ ಮೊದಲಿನಿಂದಲೂ ಇದೆ. ಅದರಿಂದ ಬೇರೆಯಾದ ವಿಜಯನಗರಕ್ಕೂ ಅದು ಇದೆ. ಈ ಭಾಗದ ಕಾಲೇಜುಗಳಲ್ಲಿ ಸರ್ಕಾರದ ಮೂಲಕ ಹಂಚುವ ಸೀಟುಗಳಲ್ಲಿ ಶೇಕಡಾ 70 ನಮ್ಮ ಭಾಗದ ಮಕ್ಕಳಿಗೆ. ಈ ಭಾಗದ ಹೊರಗೆ, ಬೆಂಗಳೂರು, ಮೈಸೂರು ಕಡೆಯ ಕಾಲೇಜುಗಳಲ್ಲಿ ಶೇಕಡಾ 8. ಬಳ್ಳಾರಿ, ಕೊಪ್ಪಳ, ರಾಯಚೂರು, ಕಲಬುರಗಿ, ಬೀದರ್, ಯಾದಗಿರಿಯ ಸರ್ಕಾರಿ ವೈದ್ಯಕೀಯ ಕಾಲೇಜುಗಳೆಲ್ಲ ಈ 70ರ ಲೆಕ್ಕದೊಳಗೆ ಬರುತ್ತವೆ. ಇದಕ್ಕೆ ಬೇಕಾದದ್ದು ಸಹಾಯಕ ಆಯುಕ್ತರ ಕಚೇರಿ ಕೊಡುವ ಸ್ಥಳೀಯ ವ್ಯಕ್ತಿ ಪ್ರಮಾಣಪತ್ರ. ಅದು ಕೈಯಲ್ಲಿ ಇಲ್ಲದಿದ್ದರೆ ಹಕ್ಕು ಇದ್ದೂ ಇಲ್ಲದಂತೆ.

ಇನ್ನು ಮೀಸಲಾತಿ. ನಮ್ಮಲ್ಲಿ ಬಹುತೇಕ ಮನೆಗಳು 2ಬಿ, ಶೇಕಡಾ 4. 2023ರ ಮಾರ್ಚ್‌ನಲ್ಲಿ ಅದನ್ನು ತೆಗೆಯುವ ಆದೇಶ ಹೊರಟಿತ್ತು. ಅದು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆಯಾಗಿ ಜಾರಿಗೆ ಬರಲಿಲ್ಲ. “2ಬಿ ಹೋಯಿತಂತೆ” ಎಂದು ಕೇಳಿ ಪ್ರಮಾಣಪತ್ರ ಮಾಡಿಸದೆ ಕೂತವರು ಇನ್ನೂ ಇದ್ದಾರೆ. ದಯವಿಟ್ಟು ಮಾಡಿಸಿಕೊಳ್ಳಿ. ಪಿಂಜಾರ, ನದಾಫ್ ಮನೆಯವರು ಪ್ರವರ್ಗ 1ರಲ್ಲಿ ಬರುತ್ತಾರೆ. ಅಲ್ಲಿ ಆದಾಯದ ಮಿತಿ ಇಲ್ಲ. ತಮ್ಮ ಪ್ರವರ್ಗ ಬಿಟ್ಟು 2ಬಿ ಎಂದು ಬರೆಸಿಕೊಂಡ ಪಿಂಜಾರ ಮಕ್ಕಳೂ ಇದ್ದಾರೆ. ನಿಮ್ಮ ಮನೆಯ ಪಂಗಡ ಯಾವುದು, ಪ್ರವರ್ಗ ಯಾವುದು, ಇದನ್ನು ನಾಡಕಚೇರಿಗೆ ಹೋಗುವ ಮುಂಚೆ ತಿಳಿದುಕೊಳ್ಳಿ.

ಜೊತೆಗೆ ಕೇಂದ್ರ ಸರ್ಕಾರದ ಒಬಿಸಿ ಪಟ್ಟಿ ಬೇರೆ, ರಾಜ್ಯದ ಪಟ್ಟಿ ಬೇರೆ. ರಾಜ್ಯದಲ್ಲಿ 2ಬಿ ಆದವರೆಲ್ಲ ಕೇಂದ್ರದಲ್ಲಿ ಒಬಿಸಿ ಆಗುವುದಿಲ್ಲ, ಕೆಲವು ಪಂಗಡಗಳು ಆ ಪಟ್ಟಿಯ ಹೊರಗಿವೆ. ನೀಟ್‌ನ ಅಖಿಲ ಭಾರತ ಕೋಟಾ, ಸುರತ್ಕಲ್ ಎನ್‌ಐಟಿ, ಧಾರವಾಡದ ಐಐಟಿಗೆ ಕೇಂದ್ರದ ಪಟ್ಟಿಯೇ ಲೆಕ್ಕ. ಅದರ ಹೊರಗಿರುವ ಬಡ ಮನೆಯ ಮಕ್ಕಳಿಗೆ ಆರ್ಥಿಕವಾಗಿ ಹಿಂದುಳಿದವರ ಶೇಕಡಾ 10ರ ಕೋಟಾ ಇದೆ. ತಪ್ಪು ಪೆಟ್ಟಿಗೆಗೆ ಗುರುತು ಹಾಕಿದರೆ ದಾಖಲೆ ಪರಿಶೀಲನೆಯ ದಿನ ಸೀಟು ಕೈಬಿಟ್ಟು ಹೋಗುತ್ತದೆ.

ಗ್ರಾಮೀಣ ಕೋಟಾ ಶೇಕಡಾ 15, ಕನ್ನಡ ಮಾಧ್ಯಮ ಶೇಕಡಾ 5. ಎರಡಕ್ಕೂ 1ರಿಂದ 10ನೇ ತರಗತಿಯವರೆಗೆ ಹತ್ತೂ ವರ್ಷ ಬೇಕು. ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿ ವ್ಯಾಪ್ತಿಯ ಶಾಲೆಯಲ್ಲಿ ಒಂದು ವರ್ಷ ಓದಿದರೂ ಗ್ರಾಮೀಣ ಹಕ್ಕು ಹೋಯಿತು. ಹಳ್ಳಿಯಲ್ಲಿ 7ನೇ ತರಗತಿ ಮುಗಿಸಿ ಮಗುವನ್ನು ಹೊಸಪೇಟೆಗೆ ಕಳಿಸುವ ಮನೆಯವರು ಇದನ್ನು ತಿಳಿದು ಕಳಿಸಿ. ಕಳಿಸಬೇಡಿ ಎನ್ನುತ್ತಿಲ್ಲ, ಒಳ್ಳೆಯ ಶಾಲೆ ಕೋಟಾಕ್ಕಿಂತ ದೊಡ್ಡದಾಗಬಹುದು. ಉರ್ದು ಮಾಧ್ಯಮದಲ್ಲಿ ಓದಿದವರಿಗೆ ಕನ್ನಡ ಮಾಧ್ಯಮದ ಕೋಟಾ ಬರುವುದಿಲ್ಲ, ಆದರೆ ಉರ್ದು ಶಾಲೆ ಹಳ್ಳಿಯದ್ದಾಗಿದ್ದರೆ ಗ್ರಾಮೀಣ ಕೋಟಾ ಕೇಳಬಹುದು. ಶಾಲೆಯ ಪ್ರಮಾಣಪತ್ರಕ್ಕೆ ಬಿಇಒ ಮೇಲುಸಹಿ ಇರಬೇಕು.

ಮೂರನೆಯ ಮಾತು: ಸೀಟನ್ನು ಎಣಿಸಿ, ಆಮೇಲೆ ಕಟ್‌ಆಫ್ ನಂಬಿ.

ಲೆಕ್ಕಕ್ಕೆ 150 ಸೀಟಿನ ಒಂದು ಸರ್ಕಾರಿ ವೈದ್ಯಕೀಯ ಕಾಲೇಜು ಅಂತ ಇಟ್ಟುಕೊಳ್ಳೋಣ, ನಮ್ಮ ಭಾಗದ್ದೇ. ಶೇಕಡಾ 15 ಅಖಿಲ ಭಾರತ ಕೋಟಾಕ್ಕೆ ಹೋದರೆ ಉಳಿಯುವುದು ಸುಮಾರು 127. ಅದರಲ್ಲಿ ಶೇಕಡಾ 70, ಅಂದರೆ 89 ಸ್ಥಳೀಯರಿಗೆ. ಈ 89ರಲ್ಲಿ 2ಬಿಗೆ ಶೇಕಡಾ 4 ಎಂದರೆ ಮೂರೋ ನಾಲ್ಕೋ ಸೀಟು. ಅದರೊಳಗೇ ಗ್ರಾಮೀಣ, ಕನ್ನಡ ಮಾಧ್ಯಮದ ಪಾಲು. ಸಾಮಾನ್ಯ ಅರ್ಹತೆಯ ಸ್ಥಳೀಯ ಸೀಟುಗಳು ಎಷ್ಟು? ಮೀಸಲಾತಿಯ ಎಲ್ಲ ಪ್ರವರ್ಗ ಸೇರಿ ಶೇಕಡಾ 56, ಉಳಿದ 44ರ ಲೆಕ್ಕದಲ್ಲಿ 39. ಈ 39 ಯಾರವು? ಎಲ್ಲರವು. 2ಬಿ ಮಗುವೂ ಅಲ್ಲಿ ಅರ್ಹ.

ಇದರಿಂದ ಎರಡು ಪಾಠ. ಒಂದು, 2ಬಿಯ ಕಾಲಂ ಒಂದನ್ನೇ ನೋಡಿ ಕೂರಬೇಡಿ. ದೊಡ್ಡ ಬಾಗಿಲು ಸಾಮಾನ್ಯ ಅರ್ಹತೆಯ ಸ್ಥಳೀಯ ಬಾಗಿಲು. ಕಟ್‌ಆಫ್ ಪಟ್ಟಿಯಲ್ಲಿ ಅದನ್ನು ಜಿಎಂಎಚ್ ಎಂದು, ನಮ್ಮದನ್ನು 2ಬಿಜಿಎಚ್ ಎಂದು ಬರೆದಿರುತ್ತಾರೆ. ಗ್ರಾಮೀಣವಾದರೆ ಜಿ ಬದಲು ಆರ್, ಕನ್ನಡ ಮಾಧ್ಯಮವಾದರೆ ಕೆ. ಕೊನೆಯ ಎಚ್ ಅಕ್ಷರ ನಮ್ಮ ಭಾಗದ ಕೋಟಾದ ಗುರುತು. ಎರಡು, ಮೂರೇ ಸೀಟಿರುವ ಕಾಲಮಿನ ಕಟ್‌ಆಫ್ ವರ್ಷದಿಂದ ವರ್ಷಕ್ಕೆ ಜಿಗಿಯುತ್ತದೆ. ಒಬ್ಬ ಹುಡುಗ ಬೇರೆ ಕಾಲೇಜಿಗೆ ಹೋದರೆ ಕೊನೆಯ ರ‍್ಯಾಂಕ್ ಸಾವಿರಗಟ್ಟಲೆ ಕೆಳಗೆ ಬರಬಹುದು, ಮರು ವರ್ಷ ಮತ್ತೆ ಮೇಲೆ ಏರಬಹುದು. ಆದ್ದರಿಂದ ಒಂದು ವರ್ಷದ ಕಟ್‌ಆಫ್ ನೋಡಿ ಸಂತೋಷಪಡಬೇಡಿ, ಎದೆಗುಂದಬೇಡಿ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ತನ್ನ ವೆಬ್‌ಸೈಟಿನಲ್ಲಿ ಪ್ರತಿ ಸುತ್ತಿನ ಕೊನೆಯ ರ‍್ಯಾಂಕ್ ಪ್ರಕಟಿಸುತ್ತದೆ. ಮೂರು ವರ್ಷದ್ದು ತೆಗೆದು ಒಂದು ಹಾಳೆಯಲ್ಲಿ ಬರೆಯಿರಿ.

ನಮ್ಮ ಸಮಿತಿ ಆ ಹಾಳೆಯನ್ನು ಮೂರು ಗುಂಪು ಮಾಡುತ್ತದೆ. ಮೂರೂ ವರ್ಷ ನಿಮ್ಮ ರ‍್ಯಾಂಕಿಗೆ ಸೀಟು ಸಿಗುತ್ತಿತ್ತು ಎಂದಾದರೆ ಆ ಕಾಲೇಜು “ಭರವಸೆ” ಗುಂಪಿಗೆ. ಒಂದೆರಡು ವರ್ಷ ಮಾತ್ರ ಸಿಗುತ್ತಿತ್ತು ಎಂದಾದರೆ “ಆಗಬಹುದು”. ಒಂದು ವರ್ಷವೂ ಇಲ್ಲವೆಂದರೆ “ಆಸೆ”. ಮೂರು ಗುಂಪಿನಲ್ಲೂ ಹೆಸರು ಇರಬೇಕು. ಭರವಸೆಯ ಗುಂಪು ಖಾಲಿ ಇದ್ದ ಮಗುವಿಗೆ ನಾವು ಮೊದಲು ಆ ಗುಂಪು ತುಂಬಿಸುತ್ತೇವೆ. ಹೊಸಪೇಟೆಯ ಪ್ರೌಢದೇವರಾಯ ತಾಂತ್ರಿಕ ಕಾಲೇಜು, ಬಳ್ಳಾರಿಯ ಎಂಜಿನಿಯರಿಂಗ್ ಕಾಲೇಜುಗಳು, ಕಲಬುರಗಿಯ ಪಿಡಿಎ, ನರ್ಸಿಂಗ್, ಫಾರ್ಮಸಿ, ರಾಯಚೂರು ಕೃಷಿ ವಿಶ್ವವಿದ್ಯಾಲಯದ ಪದವಿಗಳು, ಇವನ್ನು “ಕೊನೆಗೆ ನೋಡೋಣ” ಎಂದು ತಳ್ಳಬೇಡಿ. ಕಂಪ್ಲಿ ಕಡೆಯ ರೈತರ ಮಕ್ಕಳಿಗೆ ಕೃಷಿ ಪದವಿಯಲ್ಲಿ ಕೃಷಿಕರ ಕೋಟಾ ಬೇರೆಯೇ ಇದೆ.

ನಾಲ್ಕನೆಯ ಮಾತು: ಆಯ್ಕೆ ಪಟ್ಟಿ ತುಂಬುವ ಕ್ರಮ.

ಇಲ್ಲಿ ಭಯದಿಂದ ಸೀಟು ಕಳೆದುಕೊಳ್ಳುವವರು ಹೆಚ್ಚು. “ದೊಡ್ಡ ಕಾಲೇಜು ಮೇಲೆ ಹಾಕಿದರೆ ಚಿಕ್ಕದೂ ಸಿಗಲ್ಲ” ಎಂದು ಯಾರೋ ಹೇಳಿರುತ್ತಾರೆ. ಅದು ನಿಜವಲ್ಲ. ನಿಮ್ಮ ರ‍್ಯಾಂಕಿನ ಸರದಿ ಬಂದಾಗ ಕಂಪ್ಯೂಟರು ನಿಮ್ಮ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದುತ್ತದೆ. ಮೊದಲನೆಯದರಲ್ಲಿ ಸೀಟು ಖಾಲಿ ಇಲ್ಲವಾದರೆ ಎರಡನೆಯದು, ಅದೂ ಇಲ್ಲವಾದರೆ ಮೂರನೆಯದು. ಮೇಲೆ ಆಸೆಯ ಕಾಲೇಜು ಇದ್ದ ಮಾತ್ರಕ್ಕೆ ಕೆಳಗಿನ ಅವಕಾಶ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಆದ್ದರಿಂದ ಬೆಂಗಳೂರಿನ ಯುವಿಸಿಇ ನಿಮಗೆ ನಿಜಕ್ಕೂ ಬೇಕಿದ್ದರೆ ಅದನ್ನೇ ಮೇಲೆ ಹಾಕಿ. 1917ರಲ್ಲಿ ವಿಶ್ವೇಶ್ವರಯ್ಯನವರು ಕಟ್ಟಿದ ಸರ್ಕಾರಿ ಕಾಲೇಜು ಅದು, ನಮ್ಮ ಶೇಕಡಾ 8 ಅಲ್ಲೂ ಇದೆ. ಬೇಕಾದ ಕ್ರಮದಲ್ಲಿ ಬರೆಯಿರಿ, ಸಿಗುವ ಕ್ರಮದಲ್ಲಿ ಅಲ್ಲ. ಆದರೆ ಸಿಕ್ಕರೂ ಕಳಿಸಲಾಗದ ಕಾಲೇಜಿನ ಹೆಸರು ಪಟ್ಟಿಯಲ್ಲಿ ಇರಲೇಬಾರದು. ಅದು ಸಿಕ್ಕಿತೆಂದರೆ ಅದರ ಕೆಳಗಿನವುಗಳ ಬಾಗಿಲು ನಿಮಗೆ ಮುಚ್ಚಿದಂತೆ. ಪಟ್ಟಿ ತುಂಬುವ ಮುಂಚೆಯೇ ಮನೆಯಲ್ಲಿ ಮಾತಾಡಿ: ಮಗಳನ್ನು ಕಲಬುರಗಿಗೆ ಕಳಿಸುತ್ತೀರಾ, ಬೀದರಿಗೆ ಕಳಿಸುತ್ತೀರಾ? ಸೀಟು ಬಂದ ಮೇಲೆ “ದೂರವಾಯಿತು” ಎನ್ನುವುದು ಮಗುವಿಗೂ ಅನ್ಯಾಯ, ಆ ಸೀಟು ಕಾಯುತ್ತಿದ್ದ ಇನ್ನೊಬ್ಬರ ಮಗುವಿಗೂ ಅನ್ಯಾಯ.

ಅಣಕು ಹಂಚಿಕೆ ಬಂದಾಗ ಅದನ್ನು ಓದಿ ಪಟ್ಟಿ ತಿದ್ದಿಕೊಳ್ಳಿ. ಅದು ನಿಮ್ಮ ಅಂದಾಜಿಗೆ ಸಿಗುವ ಉಚಿತ ಪರೀಕ್ಷೆ. ನಿಜವಾದ ಹಂಚಿಕೆಯ ನಂತರ ನಾಲ್ಕು ಆಯ್ಕೆ. ಒಂದನೆಯದು: ಒಪ್ಪಿದೆ, ಸೇರುತ್ತೇನೆ. ಎರಡನೆಯದು: ಇದು ಇರಲಿ, ಇನ್ನೂ ಮೇಲಿನದು ಸಿಕ್ಕರೆ ಕೊಡಿ. ಮೂರನೆಯದು: ಇದು ಬೇಡ, ಮುಂದಿನ ಸುತ್ತಿಗೆ ಬರುತ್ತೇನೆ. ನಾಲ್ಕನೆಯದು: ಬೇಡ, ಹೊರಗೆ ಹೋಗುತ್ತೇನೆ. ಮೂರನೆಯದನ್ನು ಒತ್ತುವ ಮುಂಚೆ ಸಮಿತಿಯ ಯಾರಿಗಾದರೂ ಒಂದು ಫೋನ್ ಮಾಡಿ. ಕೈಯಲ್ಲಿದ್ದ ಸೀಟು ಬಿಟ್ಟು ಮುಂದಿನ ಸುತ್ತಿನಲ್ಲಿ ಏನೂ ಸಿಗದೆ ಕೂತವರನ್ನು ನೋಡಿದ್ದೇವೆ. ಶುಲ್ಕ, ಕೊನೆಯ ದಿನಾಂಕದ ನಿಯಮ ಆಯಾ ವರ್ಷದ ಪ್ರಕಟಣೆಯಲ್ಲಿರುತ್ತದೆ. ಅದನ್ನೇ ಓದಿ, ವಾಟ್ಸಾಪಿನಲ್ಲಿ ಬಂದದ್ದನ್ನಲ್ಲ.

ಇಲ್ಲಿ ಇನ್ನೊಂದು ಎಚ್ಚರಿಕೆ. “ನಮಗೆ ಮೇಲೆ ಪರಿಚಯವಿದೆ, ಸೀಟು ಮಾಡಿಸಿಕೊಡುತ್ತೇವೆ” ಎಂದು ಮನೆಗೆ ಬರುವವರಿರುತ್ತಾರೆ. ಸರ್ಕಾರಿ ಕೋಟಾದ ಸೀಟು ರ‍್ಯಾಂಕ್ ಮೇಲೆ ಮಾತ್ರ ಹಂಚಿಕೆಯಾಗುತ್ತದೆ. ನಿಮಗೆ ಹೇಗೂ ಸಿಗಲಿದ್ದ ಸೀಟನ್ನೇ ತೋರಿಸಿ ದುಡ್ಡು ಕೇಳುವುದು ಅವರ ವ್ಯಾಪಾರ. ಪಾಸ್‌ವರ್ಡ್, ಒಟಿಪಿ ಯಾರ ಕೈಗೂ ಕೊಡಬೇಡಿ.

ಐದನೆಯ ಮಾತು: ಇನ್ನೊಂದು ವರ್ಷ ಕಾಯಬೇಕೇ?

ಇದು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ನೀಟ್ ಮತ್ತೆ ಬರೆಯುತ್ತೇನೆ ಎನ್ನುವ ಮಗುವಿಗೆ ಸಮಿತಿ ಮೂರು ವಿಷಯ ಕೇಳುತ್ತದೆ. ನಿನ್ನ ರ‍್ಯಾಂಕಿಗೂ ಮೂರು ವರ್ಷದ ಕಟ್‌ಆಫ್‌ಗೂ ಅಂತರ ಎಷ್ಟು? ಈ ವರ್ಷ ಮಾಡದ ಯಾವ ಕೆಲಸವನ್ನು ಮುಂದಿನ ವರ್ಷ ಮಾಡುತ್ತೀಯ? ಸಮಯ ಇಟ್ಟು ಬರೆದ ಮೂರು ಪೂರ್ಣ ಮಾದರಿ ಪರೀಕ್ಷೆಗಳಲ್ಲಿ, ಅತಿ ಒಳ್ಳೆಯದನ್ನೂ ಅತಿ ಕೆಟ್ಟದ್ದನ್ನೂ ಬಿಟ್ಟು, ನಡುವಿನ ಅಂಕ ಎಷ್ಟು? ಮಕ್ಕಳು ಸಾಮಾನ್ಯವಾಗಿ ತಮ್ಮ ಅತಿ ಒಳ್ಳೆಯ ದಿನದ ಅಂಕವನ್ನೇ ಹೇಳುತ್ತಾರೆ. ಪರೀಕ್ಷೆಯ ದಿನ ಬರುವುದು ನಡುವಿನ ದಿನ. ಅಂತರ ಕಡಿಮೆ, ಕೆಲಸದ ಯೋಜನೆ ಸ್ಪಷ್ಟ ಎಂದಾದರೆ ಒಂದು ವರ್ಷ ಕಾಯುವುದರಲ್ಲಿ ತಪ್ಪಿಲ್ಲ. ಎರಡನೆಯ ಬಾರಿಯೂ ಅದೇ ಅಂತರ ಉಳಿದರೆ ಮೂರನೆಯ ವರ್ಷಕ್ಕೆ ನಾವು ಹಣ ಕೊಡುವುದಿಲ್ಲ. ಬೇರೆ ಕೋರ್ಸಿಗೆ ಸೇರಿದರೆ ಅದಕ್ಕೆ ಕೊಡುತ್ತೇವೆ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಮಾತು ಬಿಚ್ಚಿ ಹೇಳಬೇಕು. ಗಂಡುಹುಡುಗ ಒಂದು ವರ್ಷ ಮನೆಯಲ್ಲಿ ಕೂತರೆ ಅದು ಕಾಯುವ ವರ್ಷ. ಹುಡುಗಿ ಕೂತರೆ ಆರನೆಯ ತಿಂಗಳಿಗೆ ಸಂಬಂಧದ ಮಾತು ಬರುತ್ತದೆ. ಹಾಗೆ ಓದು ನಿಂತುಹೋದ ಜಾಣ ಮಕ್ಕಳನ್ನು ಈ ಸಭೆಯಲ್ಲಿರುವ ಎಲ್ಲರೂ ಬಲ್ಲರು. ಆದ್ದರಿಂದ ಹೆಣ್ಣುಮಗು ಮತ್ತೆ ಪರೀಕ್ಷೆ ಬರೆಯುವುದಾದರೆ ಆ ವರ್ಷ ಮದುವೆಯ ಮಾತು ಎತ್ತುವುದಿಲ್ಲವೆಂದು ಅಬ್ಬಾ, ಅಮ್ಮಿ ಇಬ್ಬರೂ ಸಮಿತಿಯ ಮುಂದೆ ಒಪ್ಪಿಕೊಳ್ಳಬೇಕು. ಒಪ್ಪಲಾಗದಿದ್ದರೆ ಈ ವರ್ಷ ಸಿಕ್ಕ ಸೀಟಿಗೇ ಸೇರಿಸಿ. ಬಿ.ಎಸ್ಸಿ. ನರ್ಸಿಂಗಿನ ಕೈಯಲ್ಲಿರುವ ಸೀಟು, ಕನಸಿನಲ್ಲಿ ಉಳಿದ ಎಂಬಿಬಿಎಸ್ ಸೀಟಿಗಿಂತ ಆ ಮಗುವನ್ನು ಹೆಚ್ಚು ದೂರ ಕೊಂಡೊಯ್ಯುತ್ತದೆ.

ಕೊನೆಯದಾಗಿ ಖರ್ಚು. ಸೀಟು ಸಿಗುವ ಸಾಧ್ಯತೆ ಬೇರೆ, ಓದಿಸಿ ಮುಗಿಸುವ ಸಾಧ್ಯತೆ ಬೇರೆ. ಎಂಜಿನಿಯರಿಂಗಿನಲ್ಲಿ ಬೋಧನಾ ಶುಲ್ಕ ವಿನಾಯಿತಿಯ ಶೇಕಡಾ 5 ಹೆಚ್ಚುವರಿ ಸೀಟುಗಳಿವೆ. ಎಸ್‌ಎನ್‌ಕ್ಯೂ ಎನ್ನುತ್ತಾರೆ, ವಾರ್ಷಿಕ ಆದಾಯ 8 ಲಕ್ಷದೊಳಗಿನ ಮನೆಗಳಿಗೆ. ಅರ್ಜಿಯಲ್ಲಿ ಅದನ್ನು ಕೇಳಲು ಮರೆಯಬೇಡಿ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲ ಇದೆ, ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲ್‌ಗಳಿವೆ, ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ವಿದ್ಯಾರ್ಥಿವೇತನವಿದೆ. ಇವೆಲ್ಲ ಕಳೆದು ಉಳಿದ ಕೊರತೆಯನ್ನು ಟ್ರಸ್ಟ್ ನೋಡುತ್ತದೆ.

ದಾನಿಗಳಿಗೆ ಒಂದು ಮಾತು. ನಿಮ್ಮ ಹಣವನ್ನು “ಭರವಸೆ” ಗುಂಪಿನ ಮಕ್ಕಳಿಗೆ ಮಾತ್ರ ಕೊಟ್ಟರೆ ನಮ್ಮ ವರದಿ ಚೆನ್ನಾಗಿ ಕಾಣುತ್ತದೆ. ಆದರೆ ಆ ಮಕ್ಕಳು ನಾವಿಲ್ಲದಿದ್ದರೂ ಬಹುಶಃ ದಾರಿ ಕಂಡುಕೊಳ್ಳುತ್ತಾರೆ. ಸಂಡೂರಿನ ಗಣಿಯಲ್ಲಿ ಲಾರಿ ಓಡಿಸುವವರ ಮಗ, ಹಂಪಿಯಲ್ಲಿ ಆಟೋ ಓಡಿಸುವವರ ಮಗಳು “ಆಗಬಹುದು” ಗುಂಪಿನಲ್ಲಿ ನಿಂತಿರುತ್ತಾರೆ. ಒಂದು ಮಾದರಿ ಪರೀಕ್ಷೆಯ ಶುಲ್ಕ, ಸಮಯಕ್ಕೆ ಸರಿಯಾಗಿ ಕಟ್ಟಿದ ಒಂದು ಕಂತು ಅಲ್ಲಿ ಬದುಕನ್ನು ತಿರುಗಿಸುತ್ತದೆ. ಅವರಲ್ಲಿ ಕೆಲವರಿಗೆ ಸೀಟು ಸಿಗದೆ ಹೋಗುತ್ತದೆ. ಆ ಹಣ ವ್ಯರ್ಥವಾಯಿತು ಎಂದು ದಯವಿಟ್ಟು ಲೆಕ್ಕ ಬರೆಯಬೇಡಿ.

ಮನೆಯವರು ಈ ವಾರವೇ ಮಾಡಬೇಕಾದ ಕೆಲಸ ಇಷ್ಟು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರ ಮೂರನ್ನೂ ಪಕ್ಕಪಕ್ಕ ಇಟ್ಟು ಹೆಸರು ನೋಡಿ. ಒಂದರಲ್ಲಿ ಬೀ, ಇನ್ನೊಂದರಲ್ಲಿ ಬೇಗಂ, ಒಂದರಲ್ಲಿ ಶೇಖ್ ಮುಂದೆ, ಇನ್ನೊಂದರಲ್ಲಿ ಇಲ್ಲವೇ ಇಲ್ಲ ಎಂದಿದ್ದರೆ ಅಂಕಪಟ್ಟಿಯಂತೆ ಉಳಿದವನ್ನು ತಿದ್ದಿಸಿ. 371 ಜೆ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ. ಶಾಲೆಯಿಂದ 1ರಿಂದ 10ರವರೆಗಿನ ವ್ಯಾಸಂಗ ಪ್ರಮಾಣಪತ್ರ ತಂದಿಡಿ. ಇವುಗಳ ನಕಲು ಪ್ರತಿ ಮತ್ತು ಮೂರು ಗುಂಪಿನ ಹಾಳೆ ಹಿಡಿದು ಟ್ರಸ್ಟ್ ಕಚೇರಿಗೆ ಮಗುವನ್ನೂ ಕರೆದುಕೊಂಡು ಬನ್ನಿ. ಹಾಳೆ ಬರೆಯಲು ಬಾರದಿದ್ದರೆ ಖಾಲಿ ಹಾಳೆ ತನ್ನಿ, ಕೂತು ಬರೆಯೋಣ.

ಎಲ್ಲ ಮಕ್ಕಳಿಗೂ ಅಲ್ಲಾಹನು ಒಳಿತು ಮಾಡಲಿ.